ಅಳಿಯನಿಗೆ ಹೊಲಿದ ಕೋಟು

ಮಾದಾಪುರದ ಬಸ್ ನಿಲ್ದಾಣದಿಂದ ಸೋಮವಾರಪೇಟೆ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಒಂದು ಹಿಟ್ಟಿನ ಗಿರಣಿ. ಅದರ ಗೋಡೆಗೆ ಅಂಟಿಕೊಂಡೇ ಸುಲೋಚನಮ್ಮನ ಹೊಲಿಗೆ ಅಂಗಡಿ. ಊರಿನಲ್ಲಿ ಅವರಿಗೆ ಎರಡು ಹೆಸರು: ಎದುರಿಗೆ ಟೈಲರ್ ಸುಲೋಚನಮ್ಮ, ಬೆನ್ನ ಹಿಂದೆ ಅನುಮಾನದ ಸುಲೋಚನಮ್ಮ. ಮಡಿಕೇರಿ ಎಂದು ಬೋರ್ಡು ಹಾಕಿಕೊಂಡು ನಿಂತ ಬಸ್ಸನ್ನು ಹತ್ತುವ ಮೊದಲು ‘ಇದು ಮಡಿಕೇರಿಗೇ ಹೋಗಾದಾ?’ ಎಂದು ಕಂಡಕ್ಟರನ್ನು ಕೇಳುತ್ತಾರೆ. ಅವನು ಹೌದೆಂದರೆ ಡ್ರೈವರನ್ನೂ ಒಂದು ಮಾತು ಕೇಳುತ್ತಾರೆ. ಹಾಲು ಕೊಂಡರೆ ಮೂಸುತ್ತಾರೆ, ನೆಂಟರು ಹೊಗಳಿದರೆ ಯಾಕೆ ಹೊಗಳಿದರೆಂದು ಮೂರು ದಿನ ಯೋಚಿಸುತ್ತಾರೆ. ನಗುವವರ ಕಷ್ಟವೇನೆಂದರೆ, ಹತ್ತರಲ್ಲಿ ಎಂಟು ಸಲ ಅವರ ಅನುಮಾನ ನಿಜವಾಗುತ್ತದೆ. ಆಗ ‘ನಾನ್ ಹೇಳ್ಲಿಲ್ವಾ?’ ಎನ್ನುವುದು ಅವರಿಗೆ ಊಟದ ಮೇಲಿನ ಎಲೆ ಅಡಿಕೆ ಇದ್ದಂತೆ.

ಹೊಲಿಗೆ ಮಿಷನ್ನು ತಂದೆ ಕರಿಬಸಪ್ಪನವರದು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅದನ್ನೇ ತುಳಿದು ಒಬ್ಬಳೇ ಮಗಳು ದಿವ್ಯಶ್ರೀಯನ್ನು ಓದಿಸಿದರು, ಮದುವೆ ಮಾಡಿದರು. ಅಳಿಯ ನಾಗಾರ್ಜುನ ಹತ್ತು ಕಿಲೋಮೀಟರ್ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಒಳ್ಳೆಯ ಹುಡುಗ, ಮೆತ್ತಗಿನ ಮಾತು. ಆ ಮೆತ್ತಗಿನ ಮಾತಿನ ಮೇಲೂ ಅವರಿಗೆ ಮೊದಮೊದಲು ಅನುಮಾನವಿತ್ತು, ನಿಜ. ಎರಡು ವರ್ಷದಲ್ಲಿ ಅದು ಕರಗಿ ಪ್ರೀತಿಯೇ ಆಗಿತ್ತು. ಈಗ ದಿವ್ಯಶ್ರೀಗೆ ಆರು ತಿಂಗಳು.

ಡಿಸೆಂಬರಿನ ಒಂದು ಮಧ್ಯಾಹ್ನ ನಾಗಾರ್ಜುನ ಅಂಗಡಿಗೆ ಬಂದ.

‘ಅತ್ತೆ, ನಂಗೊಂದು ಕೋಟು ಬೇಕು. ಚಳಿ, ಮಂಜು ಎರಡೂ ತಡೀಬೇಕು.’

ಸುಲೋಚನಮ್ಮ ಮೊಳೆಗೆ ನೇತು ಹಾಕಿದ್ದ ರೇನ್‌ಕೋಟು ತೋರಿಸಿದರು. ಅವನು ಅದರ ತೋಳು ಹಿಡಿದು ಉಜ್ಜಿ ನೋಡಿದ. ‘ಇದು ಬೇಡ, ಸರಸರ ಅಂತದೆ.’

‘ಉಣ್ಣೇದು ಹೊಲೀಲಾ? ಮಧ್ಯದಲ್ಲಿ ನೀರು ಇಳೀದಂಗೆ ಒಂದು ಪದರ ಕೊಡ್ತೀನಿ.’

‘ಹಂಗೇ ಮಾಡಿ. ಜಿಪ್ಪು ಬೇಡ, ಗುಂಡಿ ಸಾಕು. ಹೊಳೆಯೋ ಗುಂಡಿ ಬೇಡ. ಆಮೇಲೆ ಅತ್ತೆ, ಬಟ್ಟೇಲಿ ನುಸಿಗುಳಿಗೆ ವಾಸನೆ ಇರಬಾರ್ದು.’

ಅಳತೆ ತೆಗೆಯಲು ಟೇಪು ಹಿಡಿದಾಗ ಅವನು ನಿಲ್ಲಲಿಲ್ಲ, ಸ್ಟೂಲಿನ ಮೇಲೆ ಕೂತ. ‘ಕೂತಿರೋ ಅಳತೇನೇ ತಗಳಿ. ಹಿಂದೆ ಉದ್ದ ಇರ್ಲಿ, ಕೂತ್ರೆ ಕೆಳಕ್ಕೆ ಬರಂಗೆ.’

‘ಎಲ್ಲಿ ಕೂರಾದು?’ ಎಂದು ಅವರು ತಮಾಷೆಯ ದನಿಯಲ್ಲೇ ಕೇಳಿದರು.

‘ಕಾಫಿ ಕಣ ಕಾಯಾಕೆ. ಈ ವರ್ಷ ಕಳ್ಳರ ಕಾಟ ಜಾಸ್ತಿ.’

ಅಳಿಯ ಹೋದ ಮೇಲೆ ಸುಲೋಚನಮ್ಮ ಅಳತೆಯ ಚೀಟಿಯನ್ನು ಬಹಳ ಹೊತ್ತು ನೋಡುತ್ತ ಕೂತರು. ಕಣ ಕಾಯುವವನಿಗೆ ಕೋಟು ಬೇಕು, ಸರಿ. ಆದರೆ ಕಳ್ಳನಿಗೆ ನುಸಿಗುಳಿಗೆ ವಾಸನೆ ಬಡಿದರೆ ಏನು ನಷ್ಟ? ಇಂಥ ಪಟ್ಟಿಯನ್ನು ಅವರು ಹಿಂದೆಯೂ ಕೇಳಿದ್ದರು, ತಂದೆಯ ಬಾಯಲ್ಲಿ. ಬೇಟೆಗೆ ಇನ್ನೂ ಅಡ್ಡಿಯಿರದ ಕಾಲದಲ್ಲಿ, ಮರದ ಮೇಲೆ ಅಟ್ಟಣೆ ಕಟ್ಟಿ ಜಿಂಕೆಗೆ ಕಾದು ಕೂರುವವರು ಕರಿಬಸಪ್ಪನವರ ಹತ್ತಿರ ಕೋಟು ಹೊಲಿಸುತ್ತಿದ್ದರು. ‘ನಡೆಯೋನಿಗೆ ತೆಳು, ಕೂರೋನಿಗೆ ದಪ್ಪ. ಅಲ್ಲಾಡದೆ ಕೂತೋನಿಗೆ ಚಳಿ ಕೆಳಗಿಂದ ಏರ್ತದೆ, ಹಿಂದೆ ಉದ್ದ ಬಿಡು. ಹೊಳೀಬಾರ್ದು, ನಾರಬಾರ್ದು, ಸದ್ದಾಗಬಾರ್ದು’ ಎಂದು ತಂದೆ ಮಗಳಿಗೆ ಕಸುಬು ಕಲಿಸುವಾಗ ಹೇಳುತ್ತಿದ್ದರು. ಕಾನೂನು ಬಂದ ಮೇಲೆ ಅವರು ಅಂಥ ಕೋಟಿಗೆ ಕತ್ತರಿ ಹಾಕಲಿಲ್ಲ.

ಸಂಜೆ ಮಗಳಿಗೆ ಫೋನು ಮಾಡಿ ಊಟ, ಔಷಧಿ ಎಲ್ಲ ವಿಚಾರಿಸಿ, ಕೊನೆಗೆ ಏನೂ ಅಲ್ಲವೆಂಬಂತೆ ಕೇಳಿದರು. ‘ನಿಮ್ಮನೆಯೋರು ಎಲ್ಲಿ ಕೂತು ಕಾಯ್ತಾರೆ?’

‘ಹೊಳೆ ಆಚೆ ಅತ್ತಿ ಮರದ್ ಮೇಲೆ ಅಟ್ಟಣೆ ಕಟ್ಟವ್ರೆ ಅಮ್ಮ. ಇವ್ರೂ, ಹೋಮ್‌ಸ್ಟೇ ನಡೆಸೋ ಮಿಲನ್ನೂ.’

ಸುಲೋಚನಮ್ಮನಿಗೆ ಆ ತೋಟ ಗೊತ್ತು. ಕಾಫಿ ಒಣಗುವ ಕಣ ಇರುವುದು ಬಂಗಲೆಯ ಮುಂದೆ. ಹೊಳೆಯ ಆಚೆ ಇರುವುದು ಕಾಡು. ಅತ್ತಿ ಮರದ ಕೆಳಗೆ ಹಣ್ಣು ಉದುರುತ್ತದೆ, ಹಣ್ಣಿಗೆ ಜಿಂಕೆ ಬರುತ್ತದೆ. ಕಾಫಿ ಕಳ್ಳ ಅಲ್ಲಿಗೆ ಯಾಕೆ ಬಂದಾನು?

ಹೋದ ವರ್ಷ ಪಕ್ಕದ ಹೋಬಳಿಯಲ್ಲಿ ಇಬ್ಬರು ಜಿಂಕೆ ಹೊಡೆದು ಸಿಕ್ಕಿಬಿದ್ದು ಜೈಲು ಸೇರಿದ್ದರು. ಅವರಲ್ಲೊಬ್ಬನ ಹೆಂಡತಿ ಬಸುರಿಯಾಗಿದ್ದಳು. ಬಸ್ ನಿಲ್ದಾಣದಲ್ಲಿ ಆ ಹುಡುಗಿ ಯಾರ ಮುಖವನ್ನೂ ನೋಡದೆ ನಿಂತಿದ್ದುದನ್ನು ಸುಲೋಚನಮ್ಮ ಕಣ್ಣಾರೆ ಕಂಡಿದ್ದರು.

ಕೇಳಿಬಿಡೋಣವೆಂದರೆ ಅತ್ತೆಯಾದವಳು ಅಳಿಯನನ್ನು ಹಾಗೆಲ್ಲ ನಿಲ್ಲಿಸಿ ಕೇಳುವಂತಿಲ್ಲ. ಅನುಮಾನ ಸುಳ್ಳಾದರೆ ಅವನು ಮತ್ತೆ ಈ ಹೊಸಿಲು ತುಳಿಯುವುದಿಲ್ಲ, ಮಗಳ ಸಂಸಾರಕ್ಕೆ ತಾನೇ ಹುಳಿ ಹಿಂಡಿದಂತೆ. ಸುಮ್ಮನಿದ್ದು ಅದು ನಿಜವಾದರೆ ಜೈಲು. ಅತ್ತ ದರಿ, ಇತ್ತ ಪುಲಿ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಹಾವೂ ಸಾಯದ ಕೋಲೂ ಮುರಿಯದ ಒಂದು ದಾರಿ ಹೊಳೆಯಿತು. ತಾನು ಕೇಳುವುದು ಬೇಡ, ಕೋಟೇ ಕೇಳಲಿ!

ಹೊರಗೆ ಮಾಸಲು ಹಸಿರಿನ ಉಣ್ಣೆ, ಒಳಗೆ ಫ್ಲಾನೆಲ್. ನಡುವಿನ ಪದರಕ್ಕೆ ಮೆತ್ತನೆಯ ರಬ್ಬರ್ ಬಟ್ಟೆ ಕಪಾಟಿನಲ್ಲಿ ಇತ್ತು. ಸುಲೋಚನಮ್ಮ ಅದನ್ನು ಅಲ್ಲೇ ಬಿಟ್ಟು, ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಕತ್ತರಿಸಿದರು. ಕೋವಿ ಎತ್ತುವ ಬಲಗೈಯ ಕಂಕುಳಲ್ಲಿ ಮಾತ್ರ ಎರಡು ಪದರ. ಕೋಟು ಬೆಚ್ಚಗಿತ್ತು, ನೀರೂ ನುಗ್ಗುತ್ತಿರಲಿಲ್ಲ. ಕಸುಬಿಗೆ ದ್ರೋಹ ಮಾಡುವ ಹೆಂಗಸಲ್ಲ ಅವರು. ಸದ್ದೊಂದು ಜಾಸ್ತಿ, ಅಷ್ಟೆ. ಕಳ್ಳರನ್ನು ಕಾಯುವವನಿಗೆ ಸದ್ದಿನಿಂದ ತೊಂದರೆಯಿಲ್ಲ, ಅವನು ದೂರು ತರುವುದಿಲ್ಲ. ದೂರು ತಂದರೆ ಉತ್ತರ ಸಿಕ್ಕಿದಂತೆ.

ಕೋಟು ತೊಟ್ಟು ನೋಡಲು ಅಳಿಯನನ್ನು ಕರೆದದ್ದು ಸಂತೆಯ ದಿನ. ಪಕ್ಕದ ಗಿರಣಿ ಗಡಗಡ ಓಡುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅವನು ಕೈ ಆಡಿಸಿ, ಕೂತು ಎದ್ದು, ತಲೆಯಾಡಿಸಿ ಹೋದ.

ಆಮೇಲಿನ ಎಂಟು ದಿನ ಸುಲೋಚನಮ್ಮ ಜನ್ಮದಲ್ಲಿ ಮಾಡದ ಕೆಲಸ ಮಾಡಿದರು. ಪೂಜೆಗೆ ಕೂತಾಗಲೆಲ್ಲ ‘ಶಿವನೇ, ಇದೊಂದ್ ಸಲ ನನ್ ಅನುಮಾನ ಸುಳ್ಳು ಮಾಡು’ ಎಂದು ಬೇಡಿಕೊಂಡರು.

ಒಂಬತ್ತನೆಯ ದಿನ ಕರೆಂಟು ಹೋಗಿತ್ತು. ಗಿರಣಿ ನಿಂತು ಬೀದಿಯೆಲ್ಲ ನಿಶ್ಶಬ್ದವಾಗಿತ್ತು. ಅಳಿಯನ ಮುಖ ಕಾಣುವ ಮೊದಲು ಕೋಟಿನ ಸದ್ದು ಕೇಳಿಸಿತು. ಅವರ ಕೈಯಲ್ಲಿದ್ದ ಸೂಜಿ ನಿಂತಿತು.

‘ಬನ್ನಿ, ಕೂತ್ಕಳಿ. ಕೋಟು ಹೆಂಗಿದೆ?’

‘ಬೆಚ್ಚಗಿದೆ ಅತ್ತೆ. ಒಂದು ಹನಿ ಒಳಗ್ ಬರ್ಲಿಲ್ಲ. ಈ ಗುಂಡಿ ಸಡಿಲ ಆಗಿದೆ, ನೋಡಿ.’

ಗುಂಡಿ! ಬರೀ ಗುಂಡಿ! ಸುಲೋಚನಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾಲ್ಕು ಸುತ್ತು ಸಾಲುವ ಕಡೆ ಹತ್ತು ಸುತ್ತು ದಾರ ಹಾಕಿ ಬಿಗಿದರು, ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿದರು. ಕಾಫಿ ಕುಡಿದು ಹೋಗಿ ಎನ್ನುವಷ್ಟರಲ್ಲಿ ಅವನು ಕೋಟು ಮತ್ತೆ ತೊಟ್ಟು, ಬಾಗಿಲ ಕಡೆ ನೋಡುತ್ತ ಹೇಳಿದ.

‘ಇನ್ನೊಂದು, ಅತ್ತೆ. ಬಲಗೈ ಎತ್ತಿದ್ರೆ ಸದ್ದು ಬರ್ತದೆ.’

ಸುಲೋಚನಮ್ಮ ಸೂಜಿಯನ್ನು ಮೆಲ್ಲಗೆ ಪಿನ್ನಿನ ದಿಂಬಿಗೆ ಚುಚ್ಚಿದರು. ‘ಬಂದ್ರೆ ಒಳ್ಳೇದೇ ಅಲ್ವಾ? ಕಳ್ಳ ಹೆದ್ರಿ ಓಡ್ತಾನೆ.’

ಅವನು ಹೊಸದಾಗಿ ಬಿಗಿದ ಗುಂಡಿಯನ್ನು ತಿರುವತೊಡಗಿದ.

‘ಯಾರು ಓಡಿದ್ರು?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ನಾಗಾರ್ಜುನನ ಎಡಗೈ ಬಲಗಡೆಯ ಕಂಕುಳಿಗೆ ಹೋಯಿತು. ಪ್ಲಾಸ್ಟಿಕ್ ಚರಪರ ಎಂದಿತು. ಅವನು ಅತ್ತೆಯ ಮುಖ ನೋಡಿದ, ಆಮೇಲೆ ಹೊಲಿಗೆ ಮಿಷನ್ನನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

‘ಒಂದೇ ಸಲ ಹೋಗಿದ್ದು ಅತ್ತೆ. ಮಿಲನ್ ಕರೆದ. ಏನೂ ಸಿಗ್ಲಿಲ್ಲ.’

‘ಸಿಗದೇ ಇದ್ದಿದ್ದಕ್ಕೇ ಇವತ್ತು ನೀವು ಇಲ್ಲಿ ನಿಂತಿರಾದು.’

‘ನಾನ್ ಹೇಳ್ಲಿಲ್ವಾ?’ ಎನ್ನಲು ಈ ಅನುಮಾನವನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೂ ಈಗ ಅನ್ನುತ್ತಿರಲಿಲ್ಲ. ಅನುಮಾನ ನಿಜವಾಗಿ ಅವರಿಗೆ ಅಳು ಬಂದದ್ದು ಇದೇ ಮೊದಲು. ಸೆರಗಿನಿಂದ ಮೂಗು ಒರೆಸಿಕೊಂಡು, ಅಳಿಯನಿಗೆ ಕೊಡಬೇಕಾದ ಮರ್ಯಾದೆ ಒಂದಿಷ್ಟೂ ಕಡಿಮೆಯಾಗದಂತೆ ಹೇಳಿದರು.

‘ಆ ಪದರ ತೆಗಿಯಾದು ಹತ್ತು ನಿಮಿಷದ ಕೆಲಸ. ದಿವ್ಯನ್ನ ಕರ್ಕಂಡ್ ಬನ್ನಿ. ಯಾಕೆ ತೆಗೀಬೇಕು ಅಂತ ಅವ್ಳೇ ಬಂದು ಹೇಳ್ಲಿ, ತೆಗೆದುಕೊಡ್ತೀನಿ.’

‘ಅವ್ಳಿಗೆ ಹೇಳ್ಬೇಡಿ ಅತ್ತೆ.’

‘ಹಂಗಾರೆ ಹಾಕ್ಕಂಡ್ ಓಡಾಡಿ. ಚಳಿ ಇನ್ನೂ ಎರಡು ತಿಂಗಳು ಇದೆ.’

ಅವನು ಗುಂಡಿ ಹಾಕಿಕೊಂಡು ಹೊರಟ. ಬೀದಿಯ ತಿರುವು ದಾಟುವವರೆಗೂ ಸದ್ದು ಕೇಳಿಸಿತು.

ಹದಿನೈದು ದಿನ ಬಿಟ್ಟು ದಿವ್ಯಶ್ರೀ ಫೋನಿನಲ್ಲಿ ನಗುತ್ತಿದ್ದಳು. ‘ಏನಮ್ಮ ಅಂಥ ಕೋಟು ಹೊಲಿದಿದೀಯ? ಇವ್ರು ಗೇಟಿನ ಹತ್ರ ಇರೋವಾಗ್ಲೇ ನಂಗೆ ಗೊತ್ತಾಗ್ತದೆ. ತೋಟದಿಂದ ಬಂದ್ರೂ ಅದೇ, ಹಾಲು ತರಾಕ್ ಹೋದ್ರೂ ಅದೇ.’

‘ದಿನಾ ಕೇಳ್ಸ್ತದಾ?’

‘ದಿನಾ. ಕತ್ತಲಾಗೋ ಮೊದ್ಲೇ.’

ಸುಲೋಚನಮ್ಮ ಹೊಲಿಗೆ ಮಿಷನ್ನಿನ ಚಕ್ರವನ್ನು ಕೈಯಿಂದ ನಿಲ್ಲಿಸಿದರು.

‘ಒಂದಿನ ಕೇಳ್ಸದೆ ಹೋದ್ರೆ,’ ಎಂದರು, ‘ನಂಗೊಂದು ಫೋನ್ ಮಾಡು.’