ಊಟದ ಬೋಗಿಯ ಅಂಚುಪಟ್ಟಿ

ಎಲ್ಲರೂ ‘ಊಟದ ಬೋಗಿ ಮೇಸ್ತ್ರಿ’ ಎನ್ನುತ್ತಿದ್ದುದರಿಂದ ನಾನು ಬಹಳ ದಿನ ಅವರನ್ನು ಅಡುಗೆಯವರೆಂದೇ ತಿಳಿದಿದ್ದೆ. ಒಮ್ಮೆ ನೂರು ಜನಕ್ಕೆ ಅಡುಗೆ ಮಾಡಿಕೊಡ್ತೀರಾ ಎಂದೂ ಕೇಳಿಬಿಟ್ಟೆ.

“ನೂರು ಜನ ಕೂರೋಕೆ ಬೆಂಚು ಮಾಡಿಕೊಡ್ತೀನಿ. ಒಲೆ ಹತ್ರ ನನ್ನ ಹೆಂಡತಿ ಬಿಟ್ಕೊಳ್ಳಲ್ಲ,” ಎಂದರು.

ಅವರು ರೈಲ್ವೆ ಕಾರ್ಖಾನೆಯ ಬಡಗಿ. ಹಳೆಯ ಪ್ರಯಾಣಿಕರ ಬೋಗಿ ಬಂದರೆ ಸೀಟು ಕಿತ್ತು, ಅರ್ಧಕ್ಕೆ ಅಡುಗೆಮನೆ, ಇನ್ನರ್ಧಕ್ಕೆ ಮೇಜು, ನಡುವೆ ಟೀ ಕೌಂಟರ್ ಕೂರಿಸಿ ಊಟದ ಬೋಗಿ ಮಾಡಿ ಕಳಿಸುತ್ತಿದ್ದರು. ಮೂವತ್ತು ವರ್ಷ ನಕ್ಷೆ ಇದ್ದದ್ದು ಅವರ ತಲೆಯಲ್ಲಿ, ಪೆನ್ಸಿಲ್ ಇದ್ದದ್ದು ಕಿವಿಯ ಮೇಲೆ.

ಆಮೇಲೆ ನಕ್ಷೆ ವಿಭಾಗಕ್ಕೆ ಹೊಸಬನೊಬ್ಬ ಬಂದ. ಬೇರೆ ಯಾರಾದರೂ ಆಗಿದ್ದರೆ ಸಹಿಸಬಹುದಿತ್ತು. ಬಂದವನು ಮೇಸ್ತ್ರಿಯ ಹೆಂಡತಿಯ ತಮ್ಮ. ಅವನ ನಕ್ಷೆಯಂತೆ ಮಾಡಿದ ಮೊದಲ ಬೋಗಿ ಪರೀಕ್ಷೆಯ ಓಟದಲ್ಲಿ ಪಾಸಾದರೆ ಮುಂದಿನ ಹತ್ತು ಬೋಗಿಗಳ ಉಸ್ತುವಾರಿ ಅವನದೇ. ಮೇಸ್ತ್ರಿಯವರ ಹೊಟ್ಟೆಯೊಳಗೆ ಕುಲುಮೆ ಹೊತ್ತಿಕೊಂಡಿತು.

“ರೀ, ನನ್ನ ತಮ್ಮನ ನಕ್ಷೆ ನೋಡಿದ್ರಾ? ಸಾಹೇಬ್ರು ಗೋಡೆಗೆ ಹಾಕಿಸಿದಾರಂತೆ!”

“ನೋಡ್ದೆ. ಗೋಡೆ ಮೇಲೆ ಚೆನ್ನಾಗೇ ಇದೆ. ಗೋಡೆ ಓಡಲ್ವಲ್ಲ.”

ಆ ಮಾತಿನಲ್ಲೊಂದು ಗುಟ್ಟಿತ್ತು. ತಿರುವಿನಲ್ಲಿ ಲೋಟ ಜಾರದಿರಲೆಂದು ಮೇಸ್ತ್ರಿ ಪ್ರತಿ ಕೌಂಟರಿನ ಅಂಚಿಗೂ ಬೆರಳೆತ್ತರದ ಮರದ ಪಟ್ಟಿ ಬಡಿಯುತ್ತಿದ್ದರು. ಭಾಮೈದನ ನಕ್ಷೆಯಲ್ಲಿ ಅಂಚು ನುಣ್ಣಗೆ ಬೋಳು. ಹೇಳಬಹುದಿತ್ತು, ಹೇಳಲಿಲ್ಲ.

“ಏನಾದ್ರೂ ಬದಲಾಯಿಸ್ಬೇಕಾ ಭಾವ?” ಎಂದು ಅವನೇ ಬಂದು ಕೇಳಿದ.

“ಛೆ ಛೆ, ಓದಿದೋನು ನೀನು. ಒಂದು ಗೆರೆನೂ ಮುಟ್ಟಲ್ಲ.”

ಪಟ್ಟಿಯಿಲ್ಲದ ಕೌಂಟರಿಗೆ ಅವರು ಏಳು ಸಲ ಪಾಲಿಶ್ ಎಳೆದರು. ಪ್ರತಿ ಸಲವೂ ಸಾಹೇಬರ ಬಿಳಿ ಪ್ಯಾಂಟಿನ ಮೇಲೆ ಬಿಸಿ ಟೀ ಬಿದ್ದಂತೆ ಕಲ್ಪಿಸಿಕೊಂಡು ಒಳಗೊಳಗೇ ಹಿಗ್ಗಿದರು. ಎಂಟನೆಯ ಸಲ ಕೈ ನಿಂತಿತು. ಪ್ಯಾಂಟಿಗೆ ಬೀಳುವ ಟೀ ಮೊದಲು ಪಾಲಿಶಿನ ಮೇಲೆ ಹರಿಯಬೇಕಲ್ಲ! ಭಾಮೈದನ ಮಾನ ಹೋಗಲಿ. ಇಂಥ ಹೊಳಪಿಗೆ ಕಲೆ ಬೀಳುವುದನ್ನು ಕಣ್ಣಾರೆ ನೋಡುವುದು ಹೇಗೆ? ಹಲ್ಲು ಕಡಿಯುತ್ತಲೇ ಪಟ್ಟಿ ತಂದು ಬಡಿದರು.

ಪರೀಕ್ಷೆಯ ದಿನ ರೈಲು ದೊಡ್ಡ ತಿರುವಿನಲ್ಲಿ ವಾಲಿತು. ಹನ್ನೆರಡು ಲೋಟಗಳು ಸರಸರನೆ ಅಂಚಿನವರೆಗೆ ಬಂದು, ಪಟ್ಟಿಗೆ ಟಣ್ಣೆಂದು ತಾಗಿ ನಿಂತವು. ಸಾಹೇಬರು ಭಾಮೈದನ ಬೆನ್ನು ತಟ್ಟಿದರು.

“ಎಂಥ ಮುಂದಾಲೋಚನೆ ಕಣಯ್ಯ!”

ಪಟ್ಟಿಯನ್ನು ಆಗಷ್ಟೇ ಮೊದಲ ಸಲ ಕಂಡಿದ್ದ ಅವನು, “ಏನೋ, ಸಣ್ಣ ಯೋಚನೆ ಸಾರ್,” ಎಂದು ನಾಚಿಕೊಂಡ.

ಮೇಸ್ತ್ರಿ ಮೂಲೆಯಲ್ಲಿ ತಮ್ಮ ಟೀಯನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದರು. ಹಳೆಯ ಊಟದ ಬೋಗಿಗಳನ್ನು ಎಂದೂ ಹತ್ತಿ ನೋಡದ ಸಾಹೇಬರು ಅತ್ತ ತಿರುಗಿ ಕನಿಕರದಿಂದ ಕೇಳಿದರು:

“ಏನ್ ಮೇಸ್ತ್ರಿ, ಮೂವತ್ತು ವರ್ಷದಲ್ಲಿ ನಿಮಗೆ ಒಂದ್ಸಲನೂ ಇದು ಹೊಳೀಲಿಲ್ವಾ?”

“ಗೋಡೆಗೆ ಹಾಕಿಸಿದೀರಲ್ಲ, ಆ ನಕ್ಷೆ ನೋಡಿ ಸಾರ್. ಅದರಲ್ಲಿ ಪಟ್ಟಿನೇ ಇಲ್ಲ.”