ಜೋಡಿಯಿಲ್ಲದ ಕುರ್ಚಿ

ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತೆಯಾಗಿ ಸೇರಿದ ಹೊಸದರಲ್ಲಿ ಅವಳ ಪಾಲಿಗೆ ಬಂದದ್ದು ಕುರ್ಚಿ ಜೋಡಿಸುವ ಕೆಲಸ. ನೌಕರರಿಗೆ ಮಾತುಗಾರಿಕೆಯ ತರಬೇತಿ ಇರುವ ದಿನ ಎಲ್ಲರಿಗಿಂತ ಮೊದಲೇ ಬಂದು ಕಿಟಕಿ ತೆರೆದು, ಕುರ್ಚಿಗಳನ್ನು ಎದುರುಬದುರಾಗಿ ಇಟ್ಟು, ಬಿಳಿ ಹಲಗೆ ಒರೆಸಿ, ಒಣಗಿದ ಮಾರ್ಕರುಗಳನ್ನು ಬಿಸಾಕಿ, ಹಿಂದೆ ಹೋಗಿ ನಿಲ್ಲಬೇಕು. ನಿಂತಲ್ಲೇ ಪಾಠವೆಲ್ಲ ಬಾಯಿಗೆ ಬಂತು. ಹಿರಿಯ ತರಬೇತುದಾರರಿಗೆ ಒಂದು ದಿನ ಗಂಟಲು ಕಟ್ಟಿದಾಗ ಮಧ್ಯಾಹ್ನದ ಪಾಠವನ್ನು ಅವಳೇ ಹೇಳಿ ಮುಗಿಸಿದಳು. ಆಮೇಲೆ ತರಬೇತುದಾರರ ಡಿಪ್ಲೊಮಾ ಪರೀಕ್ಷೆ ಕಟ್ಟಿ ಪಾಸಾಗಿ, ಪಾಠ ಹೇಳಲು ಅದೇ ಹಲಗೆಯ ಮುಂದೆ ನಿಂತಳು.

ನಿವೃತ್ತರಾಗುವಾಗ ಹಿರಿಯರು ಹೇಳಿದ್ದು ಒಂದೇ ಮಾತು. "ನೋಡಮ್ಮ, ಕಲಿಯೋರ ಜೊತೆ ಊಟಕ್ಕೆ ಮಾತ್ರ ಕೂರಬೇಡ. ಸಲಿಗೆ ಕೊಟ್ರೆ ತಲೆ ಮೇಲೆ ಹತ್ತಿ ಕೂರ್ತಾರೆ."

ಅದನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಡಬ್ಬಿ ಬಿಚ್ಚುವಳು. ಮನೆಯಲ್ಲೂ ತೊಳೆಯುವುದು ಒಂದೇ ತಟ್ಟೆ. ಅಕ್ಕ ಫೋನಿನಲ್ಲಿ ರೇಗುತ್ತಿದ್ದಳು: "ಊರಿಗೆಲ್ಲ ಮಾತಾಡೋದು ಹೇಳಿಕೊಡ್ತೀಯ. ನನ್ನ ಹತ್ರ ಮಾತ್ರ 'ಹೂಂ, ಚೆನ್ನಾಗಿದೀನಿ' ಅಂತ ಇಟ್ಟುಬಿಡ್ತೀಯಲ್ಲೇ!"

ತರಬೇತಿ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ನಿರ್ದೇಶಕರು, "ನಿಮ್ಮ ಪಾಠ ನೋಡಿ ತೀರ್ಮಾನ ಮಾಡ್ತೀನಿ" ಎಂದು ಹಿಂದಿನ ಸಾಲಿನಲ್ಲಿ ಬಂದು ಕುಳಿತರು. ಆ ಹುದ್ದೆಯನ್ನು ಬಯಸಿದಷ್ಟು ಅವಳು ಬೇರೇನನ್ನೂ ಬಯಸಿರಲಿಲ್ಲ.

ಮೊದಲ ಅಭ್ಯಾಸ ಯಾವಾಗಲೂ ಅದೇ. ಇಬ್ಬಿಬ್ಬರು ಎದುರುಬದುರು ಕೂರಬೇಕು. ಗಂಟೆ ಬಾರಿಸುವ ತನಕ ಒಬ್ಬರು ತಮ್ಮ ಬದುಕಿನ ಬಗ್ಗೆ ಹೇಳಬೇಕು, ಇನ್ನೊಬ್ಬರು ಬಾಯಿ ಬಿಡದೆ ಕೇಳಬೇಕು. ಆಮೇಲೆ, ಕೇಳಿದವರು ಹೇಳಿದವರನ್ನು ಸಭೆಗೆ ಪರಿಚಯಿಸಬೇಕು. ಇಷ್ಟು ಕಾಲವೂ ಅವಳು ಮೇಜಿನ ಗಂಟೆ ಹಿಡಿದು ಪಕ್ಕಕ್ಕೆ ನಿಂತವಳು. ಆ ದಿನ ಯಾರೋ ಒಬ್ಬರು ಬಂದಿರಲಿಲ್ಲ. ಬಾಯಿಬಡಕಿ ಎಂದೇ ಹೆಸರಾಗಿದ್ದ ಲೆಕ್ಕಪತ್ರ ವಿಭಾಗದ ಹೆಂಗಸಿಗೆ ಜೋಡಿ ಸಿಗಲಿಲ್ಲ.

"ನೀವೇ ಕೂತ್ಕೊಳ್ಳಿ ಮೇಡಂ" ಎಂದರು ನಿರ್ದೇಶಕರು, ಹಿಂದಿನಿಂದ.

"ಮೊದಲು ನೀವೇ ಹೇಳಿ ಮೇಡಂ. ನಾನು ಶುರು ಮಾಡಿದ್ರೆ ಗಂಟೆಗೂ ಬಗ್ಗೋಳಲ್ಲ" ಎಂದಳು ಬಾಯಿಬಡಕಿ.

"ಮೊದಲು ಕುರ್ಚಿ ಜೋಡಿಸ್ತಿದ್ದೆ. ಆಮೇಲೆ ಪರೀಕ್ಷೆ ಬರೆದೆ. ಈಗ ಪಾಠ ಮಾಡ್ತೀನಿ."

ಮುಂದೆ ಹೇಳಲು ಏನೂ ಇರಲಿಲ್ಲ. ಸುತ್ತ ಒಬ್ಬರು ಅತ್ತೆಯ ಮಂಡಿನೋವು, ಇನ್ನೊಬ್ಬರು ಹೊಸ ಬೈಕು ಎಂದು ಹರಟುತ್ತಿದ್ದರು. ಎದುರಿನವಳು ನಿಯಮದಂತೆ ತುಟಿ ಬಿಗಿದು, ಕಣ್ಣರಳಿಸಿ ಕಾಯುತ್ತಿದ್ದಳು. ಇವಳು ಮಾತಿಗಾಗಿ ತಡಕಾಡಿದಳು. ಅಕ್ಕನ ಮಾತು ನೆನಪಾಯಿತು. ಅದು ಸಭೆಯಲ್ಲಿ ಹೇಳುವಂಥದ್ದಲ್ಲ. ಕೈ ಚಾಚಿ ಗಂಟೆ ಬಾರಿಸಿಬಿಟ್ಟಳು.

"ಏನ್ ಮೇಡಂ, ನನ್ನ ಕಥೆ ಇನ್ನೂ ಮದುವೆಗೇ ಬಂದಿಲ್ಲ!" ಎಂದು ಯಾರೋ ಕೂಗಿದರು. ನಿರ್ದೇಶಕರು ಗಡಿಯಾರ ನೋಡಿಕೊಂಡರು.

ಪರಿಚಯದ ಸರದಿ ಬಂದಾಗ ಬಾಯಿಬಡಕಿ ಎದ್ದು ನಿಂತಳು. "ಮೇಡಂ ಕುರ್ಚಿ ಜೋಡಿಸ್ತಿದ್ರು. ಪರೀಕ್ಷೆ ಬರೆದ್ರು. ಈಗ ಪಾಠ ಮಾಡ್ತಾರೆ." ತಲೆ ಕೆರೆದುಕೊಂಡಳು. "ಅಷ್ಟೇ. ನಾನು ಗಮನ ಇಟ್ಟೇ ಕೇಳಿದೆ, ದೇವರಾಣೆ!"

ಸಭೆ ಗೊಳ್ಳೆಂದಿತು.

ಊಟದ ಬಿಡುವಿನಲ್ಲಿ ನಿರ್ದೇಶಕರು ಅವಳನ್ನು ಕಾರಿಡಾರಿನಲ್ಲಿ ತಡೆದು ಹೇಳಿದರು: "ಹುದ್ದೆ ನಿಮ್ಮದೇ. ಗಂಟೆ ಬೇಗ ಬಾರಿಸಿದ್ರಿ, ಇರಲಿ. ಆದ್ರೆ ನಿಮ್ಮ ಬಗ್ಗೆ ಒಂದು ಮಾತೂ ಜಾಸ್ತಿ ಆಡಲಿಲ್ಲ. ಮುಖ್ಯಸ್ಥರಿಗೆ ಬೇಕಾದ್ದು ಆ ಗುಣವೇ."

ಅಕ್ಕನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಸಭಾಂಗಣಕ್ಕೆ ಬಂದು ಡಬ್ಬಿ ತೆಗೆದುಕೊಂಡು, ಒಂದು ಗಳಿಗೆ ನಿಂತು, ಕ್ಯಾಂಟೀನಿಗೆ ನಡೆದಳು.

ನಗು ಬಾಗಿಲ ತನಕ ಕೇಳಿಸುತ್ತಿತ್ತು. ಅವಳು ಒಳಗೆ ಬರುತ್ತಲೇ ನಿಂತುಹೋಯಿತು. ಕುರ್ಚಿಯ ಮೇಲೆ ಕಾಲಿಟ್ಟುಕೊಂಡಿದ್ದವನು ಕಾಲು ಇಳಿಸಿದ. ಬಾಯಿಬಡಕಿ ಸರಿದು ಜಾಗ ಕೊಟ್ಟಳು. "ಬನ್ನಿ ಮೇಡಂ."

"ಇದೂ ಟ್ರೈನಿಂಗಾ ಮೇಡಂ?" ಎಂದು ಪಕ್ಕದವನು ಮೆಲ್ಲಗೆ ಕೇಳಿದ.

ಹುದ್ದೆಯ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು.

ಅದನ್ನು ನುಂಗಿಕೊಂಡು, "ಹೌದು" ಎಂದಳು.

ಎಲ್ಲರೂ ತುಟಿ ಬಿಗಿದು, ಕಣ್ಣರಳಿಸಿ, ಹೇಳಿಕೊಟ್ಟಂತೆಯೇ ಕೇಳಲು ಕುಳಿತರು. ಅವಳು ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ತೆಗೆದಳು.