ಪರದೆ ಅಂಗಡಿಯ ಕೆಲಸ

ಅಕ್ಕತಂಗಿಯರಲ್ಲಿ ಕಿರಿಯವಳಿಗೆ ಚಿಕ್ಕಂದಿನಲ್ಲೇ ಕಿವಿ ಹೋಗಿತ್ತು. ತುಟಿಯ ಚಲನೆ ನೋಡಿ ಮಾತು ತಿಳಿಯುತ್ತಿದ್ದಳು. ಹೊಲಿಗೆಯಲ್ಲಿ ಕೈ ಪಳಗಿತ್ತು. ಆದರೂ ಕೆಲಸ ಕೇಳಿ ಹೋದಲ್ಲೆಲ್ಲ ಮಾಲೀಕರು ಜೊತೆಗಿದ್ದ ಅಕ್ಕನನ್ನೇ ವಿಚಾರಿಸಿ, "ಆಮೇಲೆ ಹೇಳ್ತೀವಿ" ಎಂದು ಸಾಗಹಾಕುತ್ತಿದ್ದರು.

ಪರದೆ ಹೊಲಿಯುವ ಅಂಗಡಿಯಲ್ಲೂ ಅಕ್ಕನೇ ಮಾತು ಶುರುಮಾಡಿದಳು. ಒಡತಿ ತಡೆದರು. "ನೀವು ಸ್ವಲ್ಪ ಹೊರಗೆ ಕೂತಿರಮ್ಮ. ಕೆಲಸ ಬೇಕಾಗಿರೋದು ಅವಳಿಗಲ್ವಾ?"

ಅಕ್ಕ ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋದಳು. ಒಡತಿ ಬೆಳಕಿಗೆ ಮುಖ ಮಾಡಿ ಕುಳಿತು ನಿಧಾನವಾಗಿ ಕೇಳಿದರು: "ಇಲ್ಲಿ ಕೆಲಸ ಮಾಡೋಕೆ ನಿನಗೇನು ಬೇಕು?"

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ತಂಗಿ ತಡವರಿಸುತ್ತಲೇ ಹೇಳಿದಳು: "ಮಿಷನ್ ಬಾಗಿಲಿಗೆ ಎದುರಾಗಿ ಹಾಕಿಕೊಡಿ. ಹಿಂದಿನಿಂದ ಯಾರಾದ್ರೂ ಮುಟ್ಟಿದ್ರೆ ಬೆಚ್ಚಿಬೀಳ್ತೀನಿ."

"ಅಷ್ಟೇನಾ? ನಾಳೆಯಿಂದ ಬಾ."

ಹೊರಗೆ ಅಕ್ಕ ಚಡಪಡಿಸುತ್ತಿದ್ದಳು. "ಏನಂದ್ರೇ?"

"ನಾಳೆಯಿಂದ ನಾನೊಬ್ಳೇ ಬರ್ತೀನಿ. ನೀನು ಮನೇಲಿ ಆರಾಮಾಗಿ ನಿದ್ದೆ ಮಾಡು" ಎಂದು ತಂಗಿ ನಕ್ಕಳು.